ಬೀಗರಿಗೆ ಗಾಡಿ ತಿರುಗಿಸು ಎಂದ ಸರ್ವರ್

ಬೇರೆಯವರ ದನಿಯಲ್ಲಿ ಮಾತಾಡಲು ಬರುವವನಿಗೆ ಒಂದು ದೊಡ್ಡ ಅನುಕೂಲವಿದೆ. ಬೈಯುವ ಸುಖ ನಮ್ಮದು. ಬೈಸಿಕೊಂಡವರು ಜಗಳಕ್ಕೆ ಹೋಗುವುದು ಬೇರೆಯವರ ಮನೆಗೆ. ಈ ಒಂದು ಸೌಕರ್ಯಕ್ಕಾಗಿಯೇ ನಾನು ಚಿಕ್ಕಂದಿನಿಂದ ಈ ವಿದ್ಯೆಯನ್ನು ಬಹಳ ಶ್ರದ್ಧೆಯಿಂದ ರೂಢಿಸಿಕೊಂಡೆ. ಶಾಲೆಯ ಗೋಡೆಯ ಆಚೆ ನಿಂತು ಹೆಡ್‌ಮಾಸ್ತರ ದನಿಯಲ್ಲಿ "ಇವತ್ತು ಅರ್ಧ ದಿನ ರಜೆ" ಎಂದು ಕೂಗಿದಾಗ ಮಕ್ಕಳಿಗಿಂತ ಮೊದಲು ಹೊರಬಿದ್ದವರು ಗಣಿತದ ಮೇಷ್ಟ್ರು. ಮನೆಯಲ್ಲಿ ಅಪ್ಪನ ದನಿಯಲ್ಲಿ "ಒಂದ್ಲೋಟ ಕಾಫಿ ತಾರೇ" ಎಂದು ನಡುಮನೆಯಿಂದ ಕೂಗಿದರೆ ಅವ್ವ ಒಲೆಯ ಮುಂದಿನಿಂದಲೇ ಲೋಟ ಚಾಚುತ್ತಿದ್ದಳು. ಆಮೇಲೆ ನಿಜವಾದ ಅಪ್ಪ ಬಂದು ಕೇಳಿದರೆ "ಈಗ ತಾನೆ ಕುಡುದ್ರಲ್ಲ, ಎಷ್ಟು ಸಲ ಕುಡೀತೀರಿ?" ಎಂದು ಗದರುತ್ತಿದ್ದಳು. ಅಪ್ಪ ತನಗೆ ಮರೆವು ಬಂದಿದೆ ಎಂದುಕೊಂಡು ಸುಮ್ಮನಾಗುತ್ತಿದ್ದ. ಒಬ್ಬ ಮನುಷ್ಯನಿಗೆ ತನ್ನ ಮೇಲೆಯೇ ಅನುಮಾನ ಬರುವಂತೆ ಮಾಡುವುದಕ್ಕಿಂತ ದೊಡ್ಡ ಕಲೆ ಇನ್ನೇನಿದೆ? ಇಷ್ಟು ಪ್ರತಿಭೆ ಇದ್ದವನು ಎಲ್ಲಿಗೆ ಹೋಗಬೇಕಿತ್ತೋ ನನಗೆ ಗೊತ್ತಿಲ್ಲ. ಹೋಗಿದ್ದು ಮಾತ್ರ ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿಗೆ, ಕಂಪ್ಯೂಟರ್ ನೋಡಿಕೊಳ್ಳುವ ಕೆಲಸಕ್ಕೆ.

ಮಿಲ್ಲಿನ ಯಜಮಾನರು ಸಾವ್ಕಾರ್ ರುದ್ರಪ್ಪನವರು. ಶೇಂಗಾ ಗಾಣದ ಯಂತ್ರಗಳ ಸದ್ದಿನಲ್ಲೇ ಆಯುಷ್ಯ ಕಳೆದವರು. ಹಾಗಾಗಿ ಅವರಿಗೆ ಮೆಲ್ಲಗೆ ಮಾತಾಡುವುದೆಂದರೆ ಏನೆಂದು ಗೊತ್ತಿಲ್ಲ. ಅವರು ಹೆಂಡತಿಯ ಕಿವಿಯಲ್ಲಿ ಗುಟ್ಟು ಹೇಳಿದರೆ ಬಳ್ಳಾರಿ ರಸ್ತೆಯ ಮೇಲೆ ಹೋಗುವ ಲಾರಿ ಡ್ರೈವರ್ ತಲೆಯಾಡಿಸುತ್ತಿದ್ದ. ಇಂಥ ದನಿ ಅನುಕರಿಸುವವನ ಪಾಲಿಗೆ ಹಬ್ಬದ ಊಟ. ಕೆಲಸಕ್ಕೆ ಸೇರಿದ ಹೊಸದರಲ್ಲೇ ನಾನು ಅವರನ್ನು ಪೂರ್ತಿ ಅರಗಿಸಿಕೊಂಡಿದ್ದೆ. ಅದರಲ್ಲೂ ಗೇಟಿಗೆ ಹಸಿ ಶೇಂಗಾ ತಂದವರಿಗೆ ಅವರು ಹೇಳುತ್ತಿದ್ದ ಒಂದು ಮಾತು ನನ್ನ ಮುಖ್ಯ ಐಟಮ್ಮು. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಬೀಜ ಗಲಗಲ ಎನ್ನದಿದ್ದರೆ ಅದನ್ನು ಗಾಡಿಗೇ ಎಸೆದು, "ಇಂಥ ಮಾಲು ನಮ್ಮ ಬಾಗ್ಲಿಗೆ ತರಾಕೆ ನಾಚ್ಕೆ ಆಗಲ್ವೇನಯ್ಯಾ? ಗಾಡಿ ತಿರುಗ್ಸು. ಮನೇಲಿ ಹಿರೇರು ಅಂತ ಯಾರಾದ್ರೂ ಇದ್ರೆ ಅವ್ರನ್ನ ಕಳ್ಸು" ಎನ್ನುವರು. ಊಟದ ಹೊತ್ತಿನಲ್ಲಿ ಹಮಾಲರ ಮುಂದೆ ನಾನು ಇದನ್ನು ಆಡಿ ತೋರಿಸಿದರೆ ಅವರು ಬುತ್ತಿ ಚೆಲ್ಲಿಕೊಂಡು ನಗುತ್ತಿದ್ದರು. ಇಡೀ ಮಿಲ್ಲಿಗೆ ಗೊತ್ತಿದ್ದ ಈ ಸಂಗತಿ ಗೊತ್ತಿಲ್ಲದೆ ಇದ್ದದ್ದು ಒಬ್ಬರಿಗೆ ಮಾತ್ರ. ಯಾರಿಗೆ ಎಂದು ಹೇಳಬೇಕಾಗಿಲ್ಲ.

ಅದು ನಮ್ಮ ಕಡೆಗೆ ಬ್ರಾಡ್‌ಬ್ಯಾಂಡ್ ಹೊಸದಾಗಿ ಬಂದ ಕಾಲ. ಸ್ವಂತ ಟ್ರ್ಯಾಕ್ಟರ್ ಇದ್ದಂತೆ ಸ್ವಂತ ಮೇಲ್ ಸರ್ವರ್ ಇರಬೇಕು ಎಂದು ಸಾವ್ಕಾರರ ತಲೆಗೆ ತುಂಬಿದವನು ನಾನೇ. ಎಳ್ಳು ಇಡುತ್ತಿದ್ದ ಕೋಣೆಯನ್ನು ಖಾಲಿ ಮಾಡಿಸಿ ಅಲ್ಲಿ ಒಂದು ಕಂಪ್ಯೂಟರ್ ಕೂರಿಸಿದೆವು. ಆಯುಧಪೂಜೆಯಲ್ಲಿ ಅದಕ್ಕೆ ವಿಭೂತಿ ಬಳಿದು, ಬೂದುಗುಂಬಳ ಒಡೆದು, ಸಿ.ಡಿ. ತೂರಿಸುವ ಬಾಯಿಗೆ ಒಂದು ಚೂರು ಬೆಲ್ಲ ಇಟ್ಟಿದ್ದರು. ಬೆಲ್ಲ ಇಟ್ಟ ಮೇಲೆ ಆ ಬಾಯಿ ಮತ್ತೆ ತೆರೆಯಲಿಲ್ಲ. ಕೀಬೋರ್ಡಿಗೆ ಎಷ್ಟು ಎಣ್ಣೆಜಿಡ್ಡು ಹತ್ತಿತ್ತೆಂದರೆ ಒಂದು ಅಕ್ಷರ ಒತ್ತಿದರೆ ಬೆರಳು ತಾನಾಗಿಯೇ ಜಾರಿ ಮುಂದಿನ ಅಕ್ಷರಕ್ಕೆ ಹೋಗುತ್ತಿತ್ತು. ಟೈಪಿಂಗ್ ಬಹಳ ವೇಗವಾಗಿ ಆಗುತ್ತಿತ್ತು, ಏನು ಟೈಪಾಯಿತು ಎಂಬುದು ಬೇರೆ ವಿಷಯ.

ಹೀಗೆ ನೆಮ್ಮದಿಯಾಗಿದ್ದಾಗ ನಮ್ಮ ಎಣ್ಣೆ ಕೊಳ್ಳುವ ಮುಂಬೈಯ ಕಂಪನಿಯವರಿಗೆ ಸುರಕ್ಷತೆಯ ಹುಚ್ಚು ಹಿಡಿಯಿತು. ಇನ್ನು ಮುಂದೆ ನಿಮ್ಮ ಸರ್ವರ್ ನಮ್ಮ ಸರ್ವರ್ ಜೊತೆ ಮಾತಾಡುವುದಾದರೆ ಗುಟ್ಟಿನ ಭಾಷೆಯಲ್ಲೇ ಮಾತಾಡಬೇಕು, ಬಿಚ್ಚು ಮಾತಿನ ಮೇಲ್‌ಗಳನ್ನು ನಾವು ಮುಟ್ಟುವುದಿಲ್ಲ, ನೀವೂ ಮುಟ್ಟಬೇಡಿ ಎಂದು ಬರೆದರು. ನಾನು ಸಾವ್ಕಾರರಿಗೆ ವಿವರಿಸಿದೆ. "ಸಾವ್ಕಾರ್ರೆ, ಈಗ ನಮ್ಮ ಮೇಲು ಹೆಂಗೆ ಅಂದ್ರೆ, ಕೊಂಡ್ಲಹಳ್ಳಿಯಿಂದ ಟ್ರೇಲರ್‌ನಾಗೆ ಸುರ್ಕೊಂಡು ಬರೋ ಶೇಂಗಾ ಇದ್ದಂಗೆ. ದಾರೀಲಿ ಯಾರು ಬೇಕಾದ್ರೂ ಕೈ ಹಾಕಿ ಒಂದು ಹಿಡಿ ತಿಂದು ನೋಡ್ತಾರೆ. ಇನ್ಮೇಲೆ ಚೀಲ ಹೊಲಿದು ಕಳ್ಸೋದು. ಇದಕ್ಕೆ ಎನ್‌ಕ್ರಿಪ್ಷನ್ ಅಂತಾರೆ." ಸಾವ್ಕಾರರು ಸ್ವಲ್ಪ ಹೊತ್ತು ಯೋಚಿಸಿ, "ನಾನು ಹೇಳೋ ರೇಟು ಇಡೀ ಚಳ್ಳಕೆರೆಗೆ ಕೇಳುಸ್ತೈತೆ. ಅದನ್ನ ಗುಟ್ಟಾಗಿ ಬೇರೆ ಕಳ್ಸಬೇಕಂತೇನಲೇ ಅವ್ರಿಗೆ?" ಎಂದು ಇಡೀ ಚಳ್ಳಕೆರೆಗೆ ಕೇಳಿಸುವಂತೆ ಹೇಳಿದರು. ಆದರೂ ದೊಡ್ಡ ಗಿರಾಕಿ. "ಮಾಡು" ಎಂದರು.

ಮಾಡುವುದು ಅಷ್ಟೇನೂ ಕಷ್ಟವಲ್ಲ. ಎರಡು ಮೇಲ್ ಸರ್ವರ್‌ಗಳು ಎದುರಾದಾಗ ಮೊದಲು ನಮಸ್ಕಾರ ಹೇಳಿಕೊಳ್ಳುತ್ತವೆ. ನಂತರ ಒಂದು ಇನ್ನೊಂದಕ್ಕೆ, ನನಗೆ ಗುಟ್ಟಿನ ಭಾಷೆ ಬರುತ್ತದೆ, ನಿನಗೂ ಬರುವುದಾದರೆ ಒಳಗೆ ಕೂತು ಮಾತಾಡೋಣ ಎನ್ನುತ್ತದೆ. ಬರುವುದಿಲ್ಲವೆಂದರೆ ಸಾಮಾನ್ಯವಾಗಿ, ಹೋಗಲಿ ಬಿಡು, ಇಲ್ಲೇ ಜಗಲಿಯ ಮೇಲೆ ಬಿಚ್ಚಾಗಿ ಮಾತಾಡೋಣ ಎಂದು ಒಪ್ಪಿಕೊಳ್ಳುತ್ತವೆ. ಮುಂಬೈಯವರಿಗೆ ಈ ಜಗಲಿಯ ಹರಟೆ ಬೇಡವಾಗಿತ್ತು. ಅವರೊಬ್ಬರ ಹೆಸರಿಗೆ ಮಾತ್ರ ಈ ಕಟ್ಟುಪಾಡು ಹಾಕಿದ್ದರೆ ಕೆಲಸ ಮುಗಿಯುತ್ತಿತ್ತು. ಒಬ್ಬ ಅತಿಥಿ ಮರೆಯಲ್ಲಿ ಊಟ ಮಾಡುತ್ತೇನೆಂದರೆ ಅವನ ಎಲೆಗೆ ಒಂದು ಪರದೆ ಕಟ್ಟಿದರೆ ಸಾಕು. ನಾನು ಇಡೀ ಛತ್ರದ ಬಾಗಿಲನ್ನೇ ಹಾಕಿದೆ. ಯಾರೇ ಬರಲಿ, ಗುಟ್ಟಿನ ಭಾಷೆ ಬಂದರೆ ಒಳಗೆ, ಇಲ್ಲದಿದ್ದರೆ ವಾಪಸ್ಸು. ಅಧಿಕಾರ ಸಿಕ್ಕಿದಾಗ ಸ್ವಲ್ಪ ಹೆಚ್ಚಾಗಿ ಚಲಾಯಿಸುವುದು ನಮ್ಮ ದೇಶದ ಎಲ್ಲ ಕಚೇರಿಗಳ ಪದ್ಧತಿಯಾಗಿರುವಾಗ ಎಳ್ಳಿನ ಕೋಣೆ ಏಕೆ ಹಿಂದೆ ಬೀಳಬೇಕು?

ಅಷ್ಟಕ್ಕೇ ನಿಲ್ಲಿಸಿದ್ದರೂ ಈ ಪ್ರಬಂಧ ಬರೆಯುವ ಗತಿ ಬರುತ್ತಿರಲಿಲ್ಲ. ವಾಪಸ್ಸು ಕಳಿಸುವಾಗ ಯಾಕೆ ಕಳಿಸಿದೆವು ಎಂದು ಒಂದು ಸಾಲು ಬರೆದುಕೊಳ್ಳಲು ಆ ತಂತ್ರಾಂಶದಲ್ಲಿ ಜಾಗವಿತ್ತು. ಅದರಲ್ಲಿ ಮೊದಲೇ ಇದ್ದ ಇಂಗ್ಲಿಷ್ ಸಾಲು ನೀರಸವಾಗಿತ್ತು. ಸತ್ತ ಮನೆಯಲ್ಲಿ ಸಹಿ ಹಾಕಿಸಿಕೊಳ್ಳಲು ಬಂದ ಗುಮಾಸ್ತನ ದನಿ ಅದಕ್ಕೆ. ಖಾಲಿ ಜಾಗ ಕಂಡರೆ ಬೇರೆಯವರು ಏನು ಮಾಡುತ್ತಾರೋ ಕಾಣೆ, ನಾನು ಯಾರದಾದರೂ ದನಿ ತುಂಬುತ್ತೇನೆ. ಇಂಗ್ಲಿಷ್ ಅಕ್ಷರದಲ್ಲಿ, ಅಪ್ಪಟ ಕನ್ನಡದಲ್ಲಿ, ಸಾವ್ಕಾರರ ಗೇಟಿನ ಮಾತನ್ನು ಒಂದಕ್ಷರ ಬಿಡದೆ ಅಲ್ಲಿ ಬರೆದೆ: "ಇಂಥ ಮಾಲು ನಮ್ಮ ಬಾಗ್ಲಿಗೆ ತರಾಕೆ ನಾಚ್ಕೆ ಆಗಲ್ವೇನಯ್ಯಾ? ಗಾಡಿ ತಿರುಗ್ಸು. ಮನೇಲಿ ಹಿರೇರು ಅಂತ ಯಾರಾದ್ರೂ ಇದ್ರೆ ಅವ್ರನ್ನ ಕಳ್ಸು." ಓದಿ ನಾನೊಬ್ಬನೇ ನಕ್ಕೆ. ಇದನ್ನು ಓದುವವರು ಯಾರು? ಲಾಟರಿ ಬಂದಿದೆ ಎಂದು ಬರೆಯುವ ಪರದೇಶಿ ಕಳ್ಳರು ತಾನೆ? ಅವರಿಗೇನು ಕನ್ನಡ ಬರುತ್ತದೆಯೇ?

ಮುಂಬೈಯವರ ಮೇಲ್ ಚೀಲ ಹೊಲಿದುಕೊಂಡು ಸಲೀಸಾಗಿ ಬಂತು. ಅವರು ನಮ್ಮನ್ನು ಹೊಗಳಿದರು. ಅದಕ್ಕಿಂತ ದೊಡ್ಡ ಸಾಧನೆಯೆಂದರೆ ಬೇಡದ ಮೇಲ್‌ಗಳೆಲ್ಲ ನಿಂತುಹೋದವು. ನಂತರ ನೋಡಿದರೆ ಬೇಕಾದವೂ ನಿಂತಿದ್ದವು. ಸಾವ್ಕಾರರು ಬಂದು "ಏನಾರ ಬಂದೈತೇನಲೇ?" ಎಂದರೆ, ಅಂಗಳ ಗುಡಿಸಿದ ಸೊಸೆಯ ಹೆಮ್ಮೆಯಲ್ಲಿ "ಏನೇನೂ ಇಲ್ರಿ, ಎಲ್ಲಾ ಕ್ಲೀನಾಗೈತೆ" ಎನ್ನುತ್ತಿದ್ದೆ. ಸುರಕ್ಷತೆಯ ಮರ್ಮ ನನಗೆ ಆಗಲೇ ಹೊಳೆದದ್ದು. ಏನೂ ಬರದೇ ಇದ್ದರೆ ಏನೂ ಕಳುವಾಗುವುದಿಲ್ಲ.

ಆದರೆ ಮಿಲ್ಲಿನ ಪಕ್ಕದಲ್ಲೇ ಇದ್ದ ಸಾವ್ಕಾರರ ಮನೆಯಲ್ಲಿ ಒಬ್ಬರು ಒಂದು ಮೇಲ್‌ಗಾಗಿ ಕಾಯುತ್ತಿದ್ದರು. ಸಾವ್ಕಾರರ ಹೆಂಡತಿ ಗೌರಮ್ಮನವರು. ಅವರ ಒಬ್ಬಳೇ ಮಗಳು ಗಿರಿಜಕ್ಕನನ್ನು ಮೊಳಕಾಲ್ಮೂರಿನ ರೇಷ್ಮೆ ಸೀರೆ ವ್ಯಾಪಾರಿ ಮಹಲಿಂಗಪ್ಪನವರ ಮಗನಿಗೆ ಕೊಟ್ಟಿತ್ತು. ಅಕ್ಕ ಈಗ ತುಂಬಿದ ಬಸುರಿ. ಚೊಚ್ಚಲ ಬಾಣಂತನ ತವರಿನದು. ಆದರೆ ನಮ್ಮಲ್ಲಿ ಹೆಣ್ಣಿನ ಕಡೆಯವರು ತಾವಾಗಿಯೇ ಹೋಗಿ ಬಾಗಿಲು ತಟ್ಟುವಂತಿಲ್ಲ. ಇಂಥ ದಿನ ಚೆನ್ನಾಗಿದೆ, ಬಂದು ಕರೆದುಕೊಂಡು ಹೋಗಿ ಎಂದು ಗಂಡಿನ ಮನೆಯಿಂದ ಮಾತು ಬರಬೇಕು. ಆ ಮಾತು ಮೇಲ್‌ನಲ್ಲೇ ಬರುವುದೆಂದು ಎಲ್ಲರಿಗೂ ಗೊತ್ತಿತ್ತು. ಸೀರೆಯ ಅಂಚಿನ ಚಿತ್ರಗಳನ್ನು ಊರೂರಿಗೆ ಕಳಿಸಲು ಅವರೂ ಒಂದು ಮೇಲ್ ಸರ್ವರ್ ಇಟ್ಟಿದ್ದರು. ಅದಲ್ಲದೆ ಫೋನಿನಲ್ಲಿ ಸಾವ್ಕಾರರ ಜೊತೆ ಮಾತಾಡಿದ್ದ ಬೀಗರಿಗೆ ಫೋನಿನ ಮೇಲೆಯೇ ಜಿಗುಪ್ಸೆ ಬಂದಿತ್ತು. ಒಮ್ಮೆ ಅವರು ರಿಸೀವರನ್ನು ಮೇಜಿನ ಮೇಲಿಟ್ಟು ಪಕ್ಕದ ಕೋಣೆಯಲ್ಲಿ ಕೂತು ಕೇಳಿಸಿಕೊಂಡರಂತೆ. ಆಗ ಸರಿಯಾಗಿ ಕೇಳಿಸಿತಂತೆ.

ಗೌರಮ್ಮನವರು ಬಾಣಂತಿ ಕೋಣೆಗೆ ಸುಣ್ಣ ಹೊಡೆಸಿದ್ದರು. ಮಂಚಕ್ಕೆ ಹೊಸ ನವಾರು ಬಿಗಿಸಿದ್ದರು. ತಮ್ಮ ಹಳೆಯ ಸೀರೆಗಳನ್ನು ಮತ್ತೆ ಮತ್ತೆ ಒಗೆದು ಕೂಸಿಗೆ ಒತ್ತದಷ್ಟು ಮೆತ್ತಗೆ ಮಾಡಿಟ್ಟಿದ್ದರು. ದಿನವೂ ಮಧ್ಯಾಹ್ನ ಎಳ್ಳಿನ ಕೋಣೆಗೆ ಬಂದು, ನನ್ನ ಮುಂದೆ ಒಗ್ಗರಣೆ ಮಂಡಕ್ಕಿಯ ತಟ್ಟೆ ಇಟ್ಟು, "ತಿಪ್ಪೇಶಿ, ಮೊಳಕಾಲ್ಮೂರಿಂದ ಏನಾರ ಬಂತೇನಪ್ಪಾ ನಿನ್ನ ಡಬ್ಬೀಲಿ?" ಎಂದು ಕೇಳುತ್ತಿದ್ದರು. ನಾನು ಮೆಣಸಿನಕಾಯಿ ಕಚ್ಚುತ್ತ, "ಇಲ್ಲಮ್ಮಾ, ಬಂದ್ರೆ ನಾನೇ ಓಡಿ ಬರ್ತೀನಿ" ಎನ್ನುತ್ತಿದ್ದೆ. ನನ್ನ ಬೆನ್ನ ಹಿಂದೆ ಆ ಡಬ್ಬಿ ಏನು ಮಾಡುತ್ತಿತ್ತೆಂದು ನನಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಮಂಡಕ್ಕಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಬೀಗರು ಬರೆದೇ ಇದ್ದರು. ಅವರ ಸರ್ವರ್ ಹಳೆಯ ಕಾಲದ್ದು. ಅದಕ್ಕೆ ಗುಟ್ಟಿನ ಭಾಷೆಯ ಗಂಧವೂ ಇರಲಿಲ್ಲ. ಜಗಲಿಯ ಮೇಲೆ ಕೂತು ಮಾತಾಡುವ ಸಂಭಾವಿತ ಯಂತ್ರ. "ಮುಂದಿನ ಸೋಮವಾರ ಪ್ರಶಸ್ತವಾಗಿದೆ. ತಮ್ಮ ಮಗಳನ್ನು ಕರೆದೊಯ್ಯಲು ದಯಮಾಡಿಸಬೇಕು" ಎಂಬ ಬೀಗರ ಮೇಲನ್ನು ಅದು ನಮ್ಮ ಬಾಗಿಲಿಗೆ ತಂದಿತು. ನಮ್ಮ ಸರ್ವರ್ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿ, ಕಣ್ಣು ಮಿಟುಕಿಸುವುದರಲ್ಲಿ ವಾಪಸ್ಸು ಎಸೆಯಿತು. ಬಸುರಿ ಸೊಸೆಯನ್ನು ಕಳಿಸುತ್ತೇವೆ ಎಂದು ಬರೆದ ಮನುಷ್ಯನಿಗೆ ಬಂದ ಉತ್ತರ: ಇಂಥ ಮಾಲು ನಮ್ಮ ಬಾಗಿಲಿಗೆ ತರಲು ನಾಚಿಕೆ ಆಗುವುದಿಲ್ಲವೇ, ಗಾಡಿ ತಿರುಗಿಸು.

ಇದು ನಮಗೆ ತಿಳಿದದ್ದು ಆ ಸೋಮವಾರ ಬಂದು ಹೋದ ಮೇಲೆ. ತಡೆಯಲಾರದೆ ಗೌರಮ್ಮನವರು ಆಫೀಸಿಗೆ ಬಂದು ಮಗಳಿಗೆ ಫೋನ್ ಮಾಡಿದರು. ಸಾವ್ಕಾರರಿಗೂ ಕೇಳಲೆಂದು ನಾನು ಸ್ಪೀಕರಿನ ಗುಂಡಿ ಒತ್ತಿದೆ. ಆ ಕಡೆ ಗಿರಿಜಕ್ಕನ ಅಳು. "ಅವ್ವಾ, ಅಪ್ಪ ಹಿಂಗೆ ಬರೀಬಹುದೇನವ್ವಾ? ನಾನು ಅವ್ರಿಗೆ ಅಷ್ಟು ಭಾರ ಆದ್ನಾ?" ಎಂದು ಆ ಸಾಲುಗಳನ್ನು ಓದಿ ಹೇಳಿದಳು. "ಮಾವ ಏನೋ ತಪ್ಪಾಗೈತೆ ಅಂತ ಮತ್ತೆ ಮತ್ತೆ ಕಳ್ಸಿದ್ರು. ಅಪ್ಪ ಪ್ರತಿ ಸಲ ಇದನ್ನೇ ಬರ್ದ್ರು. ಒಂದಕ್ಷರ ಬದಲು ಮಾಡ್ಲಿಲ್ಲ. ಮಾವ ಉಂಡಿಲ್ಲ ಅವತ್ತು."

ಗೌರಮ್ಮನವರು ತಿರುಗಿ ಗಂಡನನ್ನು ನೋಡಿದ ನೋಟವನ್ನು ನಾನು ಅನುಕರಿಸಲಾರೆ. ಸಾವ್ಕಾರರು ಜೀವನದಲ್ಲಿ ಮೊದಲ ಸಲ ಮೆಲ್ಲಗೆ ಮಾತಾಡಿದರು. "ನಾನು ಬರ್ದಿಲ್ಲ ಕಣೇ... ಮಾತು ನಂದೇ. ಆದ್ರೆ ನಾನು ಬರ್ದಿಲ್ಲ." ನಂತರ ನನ್ನ ಕಡೆ ತಿರುಗಿ, "ಲೇ ತಿಪ್ಪೇಶಿ, ನಿದ್ದೆಗಣ್ಣಾಗೆ ಏನಾರ ಬರ್ದ್ನೇನಲೇ ನಾನು?" ಎಂದರು. ಅಪ್ಪನ ಕಾಫಿ ನೆನಪಾಯಿತು. ಇನ್ನೊಬ್ಬ ಮನುಷ್ಯನಿಗೆ ತನ್ನ ಮೇಲೆಯೇ ಅನುಮಾನ ಬಂದಿತ್ತು. ಈ ಸಲ ಅದು ಕಲೆಯಂತೆ ಕಾಣಲಿಲ್ಲ.

ಹೇಳಿದೆ. ಸರ್ವರ್, ಗುಟ್ಟಿನ ಭಾಷೆ, ಖಾಲಿ ಜಾಗ, ಎಲ್ಲವನ್ನೂ ಹೇಳಿದೆ. ಸಾವ್ಕಾರರಿಗೆ ಮುಕ್ಕಾಲು ಭಾಗ ಅರ್ಥವಾಗಲಿಲ್ಲ. ಅರ್ಥವಾದ ಕಾಲು ಭಾಗ ಹಿಡಿದುಕೊಂಡರು. "ಅಂದ್ರೆ ನೀನು ನನ್ನಂಗೆ ಮಾತಾಡ್ತೀಯಾ?" "ಸುಮ್ನೆ... ಊಟದ ಹೊತ್ನಾಗೆ..." "ಎಲ್ಲಿ, ಮಾತಾಡು ನೋಡಾನ." ಕೆಲಸ ಹೇಗೂ ಹೋಯಿತು, ಕಲೆಯ ಮರ್ಯಾದೆಯಾದರೂ ಉಳಿಯಲಿ ಎಂದು ಪೂರ್ತಿ ದನಿಯಲ್ಲಿ ಗೇಟಿನ ಐಟಮ್ಮು ಬಿಟ್ಟೆ. ಹೊರಗೆ ತಕ್ಕಡಿಯ ಹತ್ತಿರ ನಿಂತಿದ್ದವನೊಬ್ಬ "ಬಂದೆ ಸಾವ್ಕಾರ್ರೆ" ಎಂದು ಓಡಿ ಬಂದ. ಸಾವ್ಕಾರರು ಮುಖ ಕೆಂಪಗೆ ಮಾಡಿಕೊಂಡು, "ನಾನು ಎಲ್ಲಿ ಹಿಂಗೆ ಕೂಗ್ತೀನಲೇ!" ಎಂದು ಥೇಟು ಹಾಗೆಯೇ ಕೂಗಿದರು. ಅಷ್ಟು ದುಃಖದಲ್ಲೂ ಗೌರಮ್ಮನವರು ಸೆರಗನ್ನು ಬಾಯಿಗೆ ಒತ್ತಿಕೊಂಡದ್ದನ್ನು ನಾನು ಕಂಡೆ.

ಸಾವ್ಕಾರರು ಫೋನ್ ಮಾಡಿದರೆ ಬೀಗರು ಫೋನಿಗೆ ಬರಲೇ ಇಲ್ಲ. "ಗಾಡಿ ತಿರುಗ್ಸಿದೀವಿ ಅಂತ ಹೇಳು" ಎಂದು ಹಿಂದಿನಿಂದ ಯಾರಿಗೋ ಹೇಳಿದ್ದು ಕೇಳಿಸಿತು. ಕರೆಯದೆ ಹೋಗುವಂತಿಲ್ಲ, ಹೋಗದೆ ಮಗಳು ಬರುವಂತಿಲ್ಲ. ದಿನ ತುಂಬುತ್ತ ಬಂದ ಮೇಲೆ ಬಸುರಿಯನ್ನು ಪ್ರಯಾಣ ಮಾಡಿಸುವಂತೆಯೂ ಇಲ್ಲ. "ಬೆಂಕಿ ಹಚ್ಚಿದವ್ನೇ ಹೋಗಿ ಆರ್‍ಸಲಿ" ಎಂದರು ಗೌರಮ್ಮ. ಸಾವ್ಕಾರರು ಸೇರಿಸಿದರು: "ಹುಡುಗಿ ಬರ್ತಾಳೆ ಅನ್ನೋ ಮಾತು ತಗೊಂಡೇ ಬಾ. ಇಲ್ಲಾಂದ್ರೆ ಅಲ್ಲೇ ಯಾರ್ದಾರ ಮಗ್ಗದ ಗುಂಡೀಲಿ ಕೂತ್ಕೊಂಡು ನೇಯ್ಗೆ ಕಲಿ."

ಬೀಗರ ಸರ್ವರಿಗೆ ಗುಟ್ಟಿನ ಭಾಷೆ ಕಲಿಸುವ ಹೊಸ ತಂತ್ರಾಂಶದ ಸಿ.ಡಿ.ಯನ್ನು ಅಂಗಿಯ ಒಳಗೆ ಇಟ್ಟುಕೊಂಡು ಬಳ್ಳಾರಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕ್ಷಮೆ ಕೇಳುವುದನ್ನು ಅಭ್ಯಾಸ ಮಾಡಿದೆ. ತಮಾಷೆಯೆಂದರೆ ಯಾರ ದನಿಯಲ್ಲಿ ಕೇಳಬೇಕೆಂದೇ ತೋಚಲಿಲ್ಲ. ಒಮ್ಮೆ ಗಣಿತದ ಮೇಷ್ಟ್ರ ದನಿ ಬಂತು, ಒಮ್ಮೆ ಅಪ್ಪನದು, ಒಮ್ಮೆ ತಹಸೀಲ್ದಾರರ ಜೀಪಿನ ಡ್ರೈವರನದು. ಬಿ.ಜಿ. ಕೆರೆ ದಾಟುವಾಗ ಪಕ್ಕದಲ್ಲಿದ್ದ ಅಜ್ಜಿ ಮೆಲ್ಲಗೆ ಎದ್ದು, ಮಗ್ಗುಲ ಸೀಟಿಗೆ ಸರಿದು, "ಏಮಪ್ಪಾ, ಒಬ್ನೇ ಇಷ್ಟು ಜನ ಮಾತಾಡ್ತಿದೀಯಲ್ಲ, ಎಲ್ರಿಗೂ ಟಿಕೀಟು ತಗಂಡಿದೀಯಾ?" ಎಂದಳು.

ಮಹಲಿಂಗಪ್ಪನವರು ಅಂಗಡಿಯ ಬಿಳಿ ಹಾಸಿನ ಮೇಲೆ ಕೂತಿದ್ದರು. ಹಿಂದಿನ ಬಾಗಿಲು ಮನೆಯೊಳಕ್ಕೆ ತೆರೆದಿತ್ತು. ತೆಳ್ಳನೆಯ, ಮೆತ್ತನೆ ಮಾತಿನ ಮನುಷ್ಯ. ಅವರು ಸಿಟ್ಟಾದರೆ ಇನ್ನೂ ಮೆತ್ತಗೆ ಮಾತಾಡುತ್ತಾರೆ. ನಾನು ಸರ್ವರಿನ ಕಥೆ ಹೇಳಿದೆ. ಅವರು ಜರಿಯಂಚನ್ನು ಬೆರಳಲ್ಲಿ ಸವರುತ್ತ ಪೂರ್ತಿ ಕೇಳಿದರು. ಆಮೇಲೆ ಹೇಳಿದರು, "ನೋಡಪ್ಪಾ. ಮಿಷನ್ನು ಬೈದ್ರೆ ಇಂಗ್ಲೀಷ್ನಾಗೆ ಬೈಯುತ್ತೆ. ಅದು ನಂಗೂ ಗೊತ್ತು, ದಿನಾ ಬೈಸ್ಕೊತೀನಿ. ಕನ್ನಡದಾಗೆ ಬೈಯಲ್ಲ. ಅದೂ ನಮ್ಮ ಬೀಗರ ಕನ್ನಡದಾಗೆ ಬೈಯಲ್ಲ. ಆ ಮಾತು ಅವ್ರ ಬಾಯಿಂದಲ್ದೆ ಬೇರೆ ಕಡೆಯಿಂದ ಬರಾಕೆ ಸಾಧ್ಯವೇ ಇಲ್ಲ."

"ನಾನೇ ಬರ್ದಿದ್ದು ಯಜಮಾನ್ರೆ. ಅವ್ರ ದನಿ ನಂಗೆ ಬರುತ್ತೆ."

"ನಿಮ್ಮ ಸಾವ್ಕಾರನ್ನ ಉಳ್ಸಾಕೆ ನೀನು ಏನು ಬೇಕಾದ್ರೂ ಹೇಳ್ತೀಯ. ಮನೇಲಿ ಹಿರೇರಿದ್ರೆ ಕಳ್ಸು ಅಂದವ್ರೆ. ಈ ಮನೇಲಿ ಹಿರಿಯ ನಾನೇ ಅಲ್ವೇನಪ್ಪಾ? ನಾನು ಅವ್ರ ಕಣ್ಣಿಗೆ ಕಾಣಲ್ವಾ?" ದನಿ ಎಷ್ಟು ಮೆತ್ತಗಾಗಿತ್ತೆಂದರೆ ನಾನು ಮುಂದೆ ಬಾಗಿ ಕೇಳಬೇಕಾಯಿತು.

ಇನ್ನು ವಾದದಿಂದ ಪ್ರಯೋಜನವಿಲ್ಲ ಎನ್ನಿಸಿತು. ಎದ್ದು ನಿಂತೆ. ಎದೆ ಸೆಟೆಸಿದೆ. ಹೊಟ್ಟೆಯನ್ನು ಸಾಲ ತಂದವನಂತೆ ಮುಂದೆ ಚಾಚಿದೆ. ಸಾವ್ಕಾರರು ಬೀಗರ ಮನೆಗೆ ಬಂದಾಗ ಹೇಗೆ ಕೂಗಬಹುದೋ ಹಾಗೆ, ಅಕ್ಕಪಕ್ಕದ ಮನೆಗಳ ಮಗ್ಗಗಳ ಸದ್ದನ್ನೂ ಮೀರಿ ಕೂಗಿದೆ: "ಏನ್ ಬೀಗ್ರೇ! ಎಲ್ಲಾ ಆರಾಮಾ? ನಮ್ಮ ಹುಡುಗಿ ಎಲ್ಲವ್ಳೆ?"

ಒಳಗೆ ಪಾತ್ರೆ ಬಿದ್ದ ಸದ್ದಾಯಿತು. ಬೀಗಿತಿ ಪಾರ್ವತಮ್ಮನವರ ಗಾಬರಿಯ ದನಿ: "ಅಯ್ಯೋ, ಬೀಗ್ರು ಬಂದ್ರು! ಗಿರಿಜಾ, ನಿಮ್ಮಪ್ಪ ಬಂದವ್ರೆ ಕಣವ್ವಾ!" ಅವರು ತಲೆಯ ಮೇಲೆ ಸೆರಗು ಹೊದ್ದು, ಕೈಯಲ್ಲಿ ನೀರಿನ ಚೊಂಬು ಹಿಡಿದು ಹೊಸ್ತಿಲಿಗೆ ಬಂದರು. "ಬರ್ರಿ ಬೀಗ್ರೇ, ಕಾಲಿಗೆ ನೀರು..." ಎಂದು ಬಾಗಿದವರು ನನ್ನ ರಬ್ಬರ್ ಚಪ್ಪಲಿ ನೋಡಿ ಅಲ್ಲೇ ನಿಂತರು. ಅವರ ಹಿಂದೆಯೇ, ಒಂದು ಕೈ ಗೋಡೆಗೆ, ಒಂದು ಕೈ ಸೊಂಟಕ್ಕೆ ಕೊಟ್ಟುಕೊಂಡು ಗಿರಿಜಕ್ಕ ಬಂದಳು. "ಅಪ್ಪಾ" ಎಂದಳು. ಮುಖ ಪೂರ್ತಿ ಅರಳಿತ್ತು. ಅಂಗಡಿಯಲ್ಲಿ ಆಚೆ ಈಚೆ ನೋಡಿದಳು. ನಾನೊಬ್ಬನೇ ನಿಂತಿದ್ದೆ. ಅರಳಿದ್ದು ಹಾಗೇ ನಿಧಾನವಾಗಿ ಇಳಿಯಿತು. "ನೀನೇನೋ ತಿಪ್ಪೇಶಿ" ಎಂದಳು.

ಎಷ್ಟೋ ಜನರ ಮುಂದೆ ಎಷ್ಟೋ ದನಿ ತೆಗೆದಿದ್ದೇನೆ. ಅಷ್ಟು ಚೆನ್ನಾಗಿ ಬಂದದ್ದೂ ಇಲ್ಲ, ಬಂದದ್ದಕ್ಕೆ ಅಷ್ಟು ನಾಚಿಕೆಯಾದದ್ದೂ ಇಲ್ಲ. ಮಹಲಿಂಗಪ್ಪನವರು ನನ್ನನ್ನು ನೋಡಲಿಲ್ಲ. ಸೊಸೆಯ ಮುಖವನ್ನೇ ನೋಡುತ್ತಿದ್ದರು. ಜರಿಯಂಚನ್ನು ಮಡಿಸಿ ಕೆಳಗಿಟ್ಟರು. "ಕೂರ್ಚೋ" ಎಂದು ತೆಲುಗಿನಲ್ಲಿ ನನಗೆ ಕೂರಲು ಹೇಳಿದರು. ಅವರಿಗೆ ಮನಸ್ಸು ಕದಡಿದರೆ ತೆಲುಗು ಬರುತ್ತದಂತೆ. "ಬರೋ ಸೋಮವಾರವೂ ಚೆನ್ನಾಗೈತೆ. ಬರಾಕೆ ಹೇಳು ನಿಮ್ಮ ಸಾವ್ಕಾರ್ರಿಗೆ. ಅವ್ರೇ ಬರ್ಬೇಕು. ಅವ್ರ ದನಿ ಅಷ್ಟೇ ಅಲ್ಲ." ಆಮೇಲೆ ಹೆಂಡತಿಯ ಕೈಯಲ್ಲಿದ್ದ ಚೊಂಬು ನೋಡಿ, "ಹೆಂಗೂ ತಂದಿದೀಯಲ್ಲ, ಆ ನೀರು ಇವ್ನಿಗೇ ಕೊಡು, ಬೆವತವ್ನೆ" ಎಂದರು.

ಊಟದ ನಂತರ ಅವರ ಕಂಪ್ಯೂಟರಿಗೆ ಹೊಸ ತಂತ್ರಾಂಶ ಹಾಕಿದೆ. ಅದರ ಬಾಯಿಗೆ ಯಾರೂ ಬೆಲ್ಲ ಇಟ್ಟಿರಲಿಲ್ಲ, ಪುಣ್ಯ. ಎರಡೂ ಸರ್ವರ್‌ಗಳು ನಮಸ್ಕಾರ ಹೇಳಿಕೊಂಡು, ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಮಾತಾಡತೊಡಗಿದವು. ಚಳ್ಳಕೆರೆಗೆ ವಾಪಸ್ಸಾದ ಮೇಲೆ ಛತ್ರದ ಬಾಗಿಲು ತೆಗೆದು, ಆ ಗೇಟಿನ ಮಾತನ್ನು ಅಳಿಸಿ, ಮುಂಬೈಯವರಿಗೂ ಬೀಗರಿಗೂ ಮಾತ್ರ ಪರದೆ ಕಟ್ಟುವುದೆಂದು ಗೊತ್ತುಮಾಡಿಕೊಂಡೆ. ಮಹಲಿಂಗಪ್ಪನವರಿಗೆ ಬಹಳ ಸಂತೋಷವಾಯಿತು. ಆದರೂ ಏನೋ ಕೊರೆಯುತ್ತಿತ್ತು. "ಇದ್ರಾಗೆ ಬಂದ್ರೆ ಬೀಗ್ರೇ ಬರ್ದಿದ್ದು ಅಂತ ಗ್ಯಾರಂಟಿನಾ?" ಎಂದರು. "ದಾರೀಲಿ ಯಾರೂ ಓದಾಕಾಗಲ್ಲ, ಅಷ್ಟು ಗ್ಯಾರಂಟಿ. ಬರ್ದೋರು ಯಾರು ಅನ್ನೋದು ಬರ್ದ ಊರಿನ ಜವಾಬ್ದಾರಿ" ಎಂದೆ. "ಬರ್ದ ಊರಾಗೆ ನೀನಿದೀಯಲ್ಲಪ್ಪಾ" ಎಂದರು. ಇಷ್ಟು ಕರಾರುವಾಕ್ಕಾದ ತಾಂತ್ರಿಕ ಆಕ್ಷೇಪಣೆಯನ್ನು ಮುಂಬೈಯವರೂ ಎತ್ತಿರಲಿಲ್ಲ. ಹೊರಡುವಾಗ ಸಂಕೋಚದಿಂದ ಕೇಳಿದರು, "ನನ್ನ ದನಿ ಬರುತ್ತೇನೋ ನಿಂಗೆ?" "ಎಲ್ಲಾದ್ರೂ ಉಂಟೇ ಯಜಮಾನ್ರೆ" ಎಂದೆ. ಬಸ್ಸು ಪಕ್ಕದ ಹಾನಗಲ್ಲು ದಾಟುವುದರೊಳಗೆ ಅವರ ದನಿ ಬಂದುಬಿಟ್ಟಿತು. ಅದು ನನ್ನ ತಪ್ಪಲ್ಲ.

ಭಾನುವಾರ ಸಾವ್ಕಾರರು, ನಾಳೆ ಎಷ್ಟು ಹೊತ್ತಿಗೆ ಬರಲಿ ಎಂದು ಕೇಳಲು ಖುಷಿಯಲ್ಲಿ ಫೋನ್ ಮಾಡಿದರು. ಸ್ಪೀಕರಿನ ಗುಂಡಿ ಒತ್ತಿ ನಾನೂ ಗೌರಮ್ಮನವರೂ ಪಕ್ಕದಲ್ಲಿ ನಿಂತಿದ್ದೆವು. "ಬೀಗ್ರೇ! ನಾನು ರುದ್ರಪ್ಪ!" ಎಂದರು. ಆ ಕಡೆಯಿಂದ ಮೆತ್ತನೆಯ ನಗು. "ಲೇ ತಿಪ್ಪೇಶಿ, ಸಾಕು ಬಿಡಲೇ. ಮೊನ್ನೆ ಇನ್ನೂ ಚೆನ್ನಾಗಿ ಬಂದಿತ್ತು. ಇವತ್ತು ಯಾಕೋ ಅವ್ರಂಗಿಲ್ಲ." ಫೋನು ಕಟ್ಟಾಯಿತು.

ಸಾವ್ಕಾರರು ರಿಸೀವರನ್ನು ನೋಡಿದರು, ನನ್ನನ್ನು ನೋಡಿದರು. ಮತ್ತೆ ಮಾಡಿದರು. "ಬೀಗ್ರೇ, ನಿಜವಾಗ್ಲೂ ನಾನೇ!" "ನೀವೇ ಆದ್ರೆ ಒಂದು ಮಾತು ಹೇಳ್ರಿ" ಎಂದರು ಮಹಲಿಂಗಪ್ಪನವರು. "ಮದುವೆ ಆದ್ಮೇಲೆ ನಮ್ಮನೆ ಬೀಗರೂಟದಾಗೆ ನೀವು ಅರ್ಧ ಊಟಕ್ಕೆ ಎದ್ದು ಹೋದ್ರಲ್ಲ. ಹೊಟ್ಟೆನೋವು ಅಂದ್ರಿ. ನಿಜ್ವಾಗ್ಲೂ ಯಾಕೆ ಎದ್ರಿ? ಅದು ರುದ್ರಪ್ಪನೋರಿಗೂ ನಂಗೂ ಬಿಟ್ರೆ ಬೇರೆ ಯಾರಿಗೂ ಗೊತ್ತಿಲ್ಲ."

ಸಾವ್ಕಾರರು ಹೆಂಡತಿಯ ಕಡೆ ನೋಡಿದರು. ಗೌರಮ್ಮನವರು "ಹೇಳ್ರಿ" ಎಂಬಂತೆ ಗದ್ದ ಆಡಿಸಿದರು. ಅವರಿಗೂ ಗೊತ್ತಿಲ್ಲದ ವಿಷಯವಾದ್ದರಿಂದ ಕುತೂಹಲ ಮಗಳ ಬಾಣಂತನವನ್ನೂ ಮೀರಿತ್ತು. ಸಾವ್ಕಾರರು ಗಂಟಲು ಸರಿಮಾಡಿಕೊಂಡ ಸದ್ದಿಗೇ ಹೊರಗಿನ ಹಮಾಲರು ಚೀಲ ಇಳಿಸುವುದು ನಿಲ್ಲಿಸಿದರು. "ಹೊಟ್ಟೆನೋವಲ್ಲ" ಎಂದರು ಇಡೀ ಮಿಲ್ಲಿಗೆ ಕೇಳಿಸುವಂತೆ. "ನಮ್ಮ ಪಂಕ್ತಿಗೆ ಹೋಳಿಗೆ ಮೇಲೆ ತುಪ್ಪ ಬರ್ಲಿಲ್ಲ. ಎದುರು ಪಂಕ್ತಿಗೆ ಎರಡು ಸಲ ಬಂತು. ಅದಕ್ಕೇ ಎದ್ದೆ."

"ಈಗ ನಂಬ್ದೆ" ಎಂದರು ಬೀಗರು. "ನಾಳೆ ಬರ್ರಿ. ತುಪ್ಪ ಕಾಯ್ಸಿಡ್ತೀವಿ."

ಗಿರಿಜಕ್ಕ ಬಂದಳು. ಸುಣ್ಣ ಹೊಡೆದ ಕೋಣೆಯಲ್ಲಿ, ಮೆತ್ತನೆಯ ಸೀರೆಗಳ ನಡುವೆ ಹೆಣ್ಣುಕೂಸು ಹುಟ್ಟಿತು. ದನಿ ತಾತನದೇ, ಅದನ್ನು ಯಾರೂ ಅನುಕರಣೆ ಎನ್ನಲಿಲ್ಲ. ನನ್ನ ಕೆಲಸವೂ ಉಳಿಯಿತು, ಒಂದು ಷರತ್ತಿನ ಮೇಲೆ. ಮಿಲ್ಲಿನ ಆವರಣದಲ್ಲಿ ನಾನು ಯಾರ ದನಿಯನ್ನೂ ತೆಗೆಯುವಂತಿಲ್ಲ. ಊಟದ ಹೊತ್ತಿನಲ್ಲಿ ಹಮಾಲರು ಈಗ ಸುಮ್ಮನೆ ಉಣ್ಣುತ್ತಾರೆ. ಬುತ್ತಿ ಚೆಲ್ಲುವುದು ನಿಂತಿರುವುದರಿಂದ ಮಿಲ್ಲಿನ ಅಂಗಳದ ಕಾಗೆಗಳಿಗೆ ನನ್ನ ಮೇಲೆ ಸಿಟ್ಟಿದೆ.

ಸುದ್ದಿ ನಮ್ಮ ಮನೆಗೂ ಮುಟ್ಟಿತ್ತೆಂದು ನನಗೆ ತಿಳಿದಿರಲಿಲ್ಲ. ಆಮೇಲೊಂದು ಸಂಜೆ, ಬರುವುದು ತಡವಾಗುತ್ತದೆ ಎಂದು ಹೇಳಲು ಆಫೀಸಿನಿಂದ ಮನೆಗೆ ಫೋನ್ ಮಾಡಿದೆ. ಅವ್ವ ಎತ್ತಿದಳು. "ಯಾರು?" "ನಾನೇ ಅವ್ವಾ." "ನಾನೇ ಅಂತ ಎಲ್ರೂ ಅಂತಾರೆ. ಆ ಕಾಫಿ ಎಲ್ಲಾ ಕುಡುದಿದ್ದು ಯಾರು ಅಂತ ನಿಮ್ಮಪ್ಪಂಗೆ ಈಗ ಗೊತ್ತಾಗೈತೆ. ಯಾರ ದನಿಯೂ ಬೇಡ, ನೀನು ನಮ್ಮ ತಿಪ್ಪೇಶಿನೇ ಆದ್ರೆ ನಿನ್ನ ಸ್ವಂತ ದನೀಲಿ ಮಾತಾಡು" ಎಂದಳು.

ಸಾವ್ಕಾರರು ಎದುರಿಗೇ ಕೂತಿದ್ದರು. ನಾನು ರಿಸೀವರನ್ನು ಹಿಡಿದು ನೆಟ್ಟಗೆ ನಿಂತೆ. ಸಾವ್ಕಾರರನ್ನು ಬದಿಗಿಟ್ಟೆ, ಬೀಗರನ್ನು ಬದಿಗಿಟ್ಟೆ, ಅಪ್ಪ, ಮೇಷ್ಟ್ರು, ಜೀಪಿನ ಡ್ರೈವರ್, ಒಬ್ಬೊಬ್ಬರನ್ನೇ ಇಳಿಸಿ ಕಳಿಸಿದೆ. ಕೊನೆಗೆ ತಳದಲ್ಲಿ ಏನು ಉಳಿದಿತ್ತೋ ಅದನ್ನು ಹೊರಗೆ ತೆಗೆದು, ಬಹಳ ಪ್ರಾಮಾಣಿಕವಾಗಿ, "ಅವ್ವಾ, ನಾನೇ, ತಡ ಆಗ್ತೈತೆ" ಎಂದೆ.

ಅವ್ವ ಕಿವಿಗೊಟ್ಟು ಕೇಳಿದಳು.

"ಯಾರಪ್ಪಾ ಇದು? ಈ ದನಿ ನಮ್ಮನೇಲಿ ಯಾವತ್ತೂ ಕೇಳಿಲ್ಲ" ಎಂದು ಫೋನ್ ಇಟ್ಟಳು.